ಎರಡು ಆನೆ, ಒಂದು ಮನೆ: ಬರೆದಿಟ್ಟ ಆಟವೊಂದನ್ನು ಮತ್ತೆ ಆಡಿ ನೋಡಿದ ಪ್ರಕರಣ

ಚೆಸ್ ಆಟವೊಂದರ ನಡೆಗಳನ್ನು ಬರೆದಿಟ್ಟ ಕಾಗದದ, ಅಂದರೆ ಸ್ಕೋರ್‌ಶೀಟಿನ, 22ನೇ ಸಾಲಿನಲ್ಲಿ ಬಿಳಿಯ ನಡೆ ಇಷ್ಟೇ ಇತ್ತು: ಆನೆ ಡಿ1, ಅಂದರೆ ಆನೆ ಡಿ1 ಎಂಬ ಮನೆಗೆ. ಆ ಹೊತ್ತಿಗೆ ಬೋರ್ಡಿನ ಮೇಲೆ ಬಿಳಿಗೆ ಎರಡು ಆನೆಗಳಿದ್ದವು. ಒಂದು ಎ1ರ ಮೂಲೆಯಲ್ಲಿ, ಇನ್ನೊಂದು ಎಫ್1ರಲ್ಲಿ. ನಡುವಿನ ಮನೆಗಳೆಲ್ಲ ಖಾಲಿ, ಹಾಗಾಗಿ ಎರಡರಲ್ಲಿ ಯಾವುದು ಬೇಕಾದರೂ ಡಿ1ಕ್ಕೆ ಬರಬಹುದಿತ್ತು. ಬಂದದ್ದು ಯಾವುದು ಅಂತ ಬರೆದವರು ಬರೆದಿರಲಿಲ್ಲ. ಆ ಒಂದು ಅಕ್ಷರ ಇಲ್ಲದ್ದರಿಂದ ಅವರು ಎರಡು ತಿಂಗಳು, ತಾವು ಆಡಿರದ ಆಟವೊಂದನ್ನು ತಮ್ಮದೆಂದು ನಂಬಿ ಓದಿದರು.

ಈ ಪ್ರಕರಣವನ್ನು ಬರೆಯಲು ಇಬ್ಬರೂ ಆಟಗಾರರು ಒಪ್ಪಿದ್ದಾರೆ. ಅವರನ್ನು ಗುರುತಿಸಬಹುದಾದ ವಿವರಗಳನ್ನು ತೆಗೆದಿದ್ದೇನೆ. ಬಿಳಿ ಕಾಯಿಗಳಲ್ಲಿ ಆಡಿದವರನ್ನು ‘ಬಿಳಿಯವರು’ ಅಂತಲೂ ಎದುರಾಳಿಯನ್ನು ‘ಕಪ್ಪಿನವರು’ ಅಂತಲೂ ಕರೆಯುತ್ತೇನೆ. ಕಾಯಿಗಳಿಗೆ ಮನೆಯಲ್ಲಿ ಆಡಿ ರೂಢಿಯಾದ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್, ಕಾಲಾಳು ಎಂದರೆ ಪಾನ್. ಮನೆಯ ಹೆಸರಿನ ಅಕ್ಷರ ಕಂಬಸಾಲಿನದು (ಬಿಳಿಯವರ ಎಡದಿಂದ ಬಲಕ್ಕೆ ಎಯಿಂದ ಎಚ್), ಅಂಕಿ ಅಡ್ಡಸಾಲಿನದು (ಬಿಳಿಯವರ ಕಡೆಯಿಂದ 1ರಿಂದ 8).

ಹಿನ್ನೆಲೆ

ಬಿಳಿಯವರು ನಡುವಯಸ್ಸಿನವರು. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಚೆಸ್‌ಗೆ ಇಡುವವರು. ವರ್ಷಕ್ಕೆ ಮೂರ್ನಾಲ್ಕು ಟೂರ್ನಿ ಆಡುತ್ತಾರೆ. ಓಪನಿಂಗ್ ಚೆನ್ನಾಗಿ ಓದಿಕೊಂಡಿದ್ದಾರೆ, ಲೆಕ್ಕ ಹಾಕುವುದರಲ್ಲೂ ಕಮ್ಮಿಯಿಲ್ಲ. ಕಪ್ಪಿನವರು ಕಾಲೇಜು ವಿದ್ಯಾರ್ಥಿನಿ, ಆಟದ ಬಲ ಅಳೆಯುವ ಅಂಕವಾದ ರೇಟಿಂಗಿನಲ್ಲಿ ಹೆಚ್ಚು ಕಡಿಮೆ ಅವರಷ್ಟೇ. ಆಟಕ್ಕೆ ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ಇಂಥ ಆಟದಲ್ಲಿ ಗಡಿಯಾರದಲ್ಲಿ ಎಷ್ಟೇ ಕಡಿಮೆ ಸಮಯ ಉಳಿದಿದ್ದರೂ ಕೊನೆಯ ನಡೆಯವರೆಗೆ ಬರೆಯಲೇಬೇಕು. ಐದು ನಿಮಿಷಕ್ಕಿಂತ ಕಡಿಮೆ ಉಳಿದಾಗ ಬರೆಯುವುದನ್ನು ಬಿಡಬಹುದು ಎಂಬ ರಿಯಾಯಿತಿ 30 ಸೆಕೆಂಡ್ ಸೇರ್ಪಡೆ ಇರುವ ಆಟಕ್ಕಿಲ್ಲ. ಹಾಗಾಗಿ 60 ನಡೆಗಳೂ ಕಾಗದದ ಮೇಲಿದ್ದವು. ಬಿಳಿಯವರಿಗೆ ಇನ್ನೊಂದು ಒಳ್ಳೆಯ ಅಭ್ಯಾಸವಿತ್ತು. ಪ್ರತಿ ನಡೆಯ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ಸಮಯವನ್ನು ಬರೆಯುತ್ತಿದ್ದರು. ಸ್ಕೋರ್‌ಶೀಟಿನಲ್ಲಿ ಬೇರೆ ಟಿಪ್ಪಣಿ ಬರೆದುಕೊಳ್ಳುವಂತಿಲ್ಲ, ಸಮಯ ಬರೆಯಲು ಅಡ್ಡಿಯಿಲ್ಲ.

ಅವರು ಈ ಆಟ ಸೋತರು. ಅದೇ ರಾತ್ರಿ ನಡೆಗಳನ್ನು ಕಂಪ್ಯೂಟರಿಗೆ ಏರಿಸಿ ಆಟವನ್ನು ವಿಶ್ಲೇಷಿಸುವ ಸ್ಟಾಕ್‌ಫಿಶ್ ಎಂಬ ಎಂಜಿನ್‌ಗೆ (ತಂತ್ರಾಂಶಕ್ಕೆ) ಕೊಟ್ಟರು. ಎರಡು ನಿಮಿಷದಲ್ಲಿ, ಪ್ರತಿ ನಡೆಗೂ ಬಿಳಿಯ ಸ್ಥಿತಿ ಹೇಗಿದೆ ಎಂದು ತೋರಿಸುವ ಗ್ರಾಫ್ ಬಂತು. ಮೊದಲ ಅರ್ಧ ಸಪಾಟು. 26ರಲ್ಲಿ ತಪ್ಪನ್ನು ಸೂಚಿಸುವ ಒಂದು ಹಳದಿ ಗುರುತು. 58ರಲ್ಲಿ ದೊಡ್ಡ ತಪ್ಪಿನ ಕೆಂಪು ಗುರುತು, ಅಲ್ಲಿಂದ ಗೆರೆ ನೇರ ಪಾತಾಳಕ್ಕೆ.

ಆ 58ನೇ ನಡೆಯನ್ನು ನೋಡಿದರೆ ಯಾರೂ ಎಂಜಿನ್ ಜೊತೆ ವಾದ ಮಾಡುವುದಿಲ್ಲ. ಬೋರ್ಡಿನ ಮೇಲೆ ಉಳಿದದ್ದು ಮೂರೇ ಕಾಯಿ. ಬಿಳಿ ರಾಜ ಇ2ರಲ್ಲಿ, ಕಪ್ಪು ರಾಜ ಇ4ರಲ್ಲಿ, ಅವೆರಡರ ನಡುವೆ ಇ3ರಲ್ಲಿ ಕಪ್ಪು ಕಾಲಾಳು. ನಡೆ ಬಿಳಿಯದು. ನೇರ ಹಿಂದಕ್ಕೆ, ಇ1ಕ್ಕೆ ಹೋದರೆ ಡ್ರಾ. ಕಪ್ಪು ರಾಜ ಡಿ3ಕ್ಕೆ ಬಂದರೆ ಬಿಳಿ ರಾಜ ಡಿ1ಕ್ಕೆ, ಎಫ್3ಕ್ಕೆ ಬಂದರೆ ಎಫ್1ಕ್ಕೆ. ಇ1ರಲ್ಲಿ ನಿಂತವನಿಗೆ ಎರಡೂ ಬಾಗಿಲು ಕೈಗೆಟುಕುತ್ತವೆ. ಬಿಳಿಯವರು ರಾಜನನ್ನು ಡಿ1ಕ್ಕೆ ಇಟ್ಟರು. ಕಪ್ಪು ರಾಜ ಡಿ3ಕ್ಕೆ ಬಂತು. ಬಿಳಿ ರಾಜ ಇ1, ಕಾಲಾಳು ಇ2. ಆಮೇಲೆ ಬಿಳಿ ರಾಜನಿಗೆ ಎಫ್2 ಬಿಟ್ಟರೆ ಬೇರೆ ಮನೆಯಿಲ್ಲ. ಅದು ಅಲ್ಲಿಗೆ ಹೋದ ಕೂಡಲೇ ಕಪ್ಪು ರಾಜ ಡಿ2. ಇನ್ನು ಕಾಲಾಳು ರಾಣಿಯಾಗುವುದನ್ನು ತಡೆಯುವವರಿಲ್ಲ. 60ನೇ ನಡೆಗೆ ಅವರು ಕೈ ಚಾಚಿ ಸೋಲೊಪ್ಪಿದರು.

‘ನನಗೆ ಎಂಡ್‌ಗೇಮ್ ಬರುವುದಿಲ್ಲ’, ಅಂದರೆ ಕಾಯಿಗಳು ಕಡಿಮೆಯಾದ ಕೊನೆಯ ಹಂತ ಬರುವುದಿಲ್ಲ, ಎಂದು ಅವರು ತೀರ್ಮಾನಿಸಿದರು. ಎರಡು ತಿಂಗಳು ರಾಜ-ಕಾಲಾಳು ಎಂಡ್‌ಗೇಮ್‌ಗಳನ್ನು ನಿಷ್ಠೆಯಿಂದ ಓದಿದರು. ಮುಂದಿನ ಟೂರ್ನಿಯಲ್ಲಿ ಎರಡು ಆಟ ಸೋತರು. ಎರಡೂ ಎಂಡ್‌ಗೇಮಿನ ತನಕ ಹೋಗಲೇ ಇಲ್ಲ.

ಸಮಸ್ಯೆ

ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು. ಫೈಲ್ ತೆರೆದು ನೇರ 58ಕ್ಕೆ ಹಾರಿದರು. ನಾನು ಸ್ಕೋರ್‌ಶೀಟ್ ಕೇಳಿದೆ. ‘ಎಲ್ಲ ಇದರಲ್ಲೇ ಇದೆಯಲ್ಲ’ ಅಂದರು. ಆದರೂ ಹುಡುಕಿ ತಂದರು. ಮೂಲ ಪ್ರತಿ ಟೂರ್ನಿ ನಡೆಸಿದವರಿಗೆ ಸೇರಿದ್ದು. ಇವರ ಬಳಿ ಇದ್ದದ್ದು ಕಾರ್ಬನ್ ಪ್ರತಿ, ನಾಲ್ಕು ಮಡಿಕೆಯಾಗಿ ಬ್ಯಾಗಿನ ಒಳಜೇಬಿನಲ್ಲಿ ಉಳಿದಿತ್ತು.

ಆಟವನ್ನು ಮತ್ತೆ ನೋಡುವಾಗ ನಾನು ಫೈಲಿನಿಂದ ಶುರು ಮಾಡುವುದಿಲ್ಲ, ಕಾಗದದಿಂದ ಮಾಡುತ್ತೇನೆ. ಇದು ಹಳೆಯ ಕಾಲದ ಹಟವೆಂದು ಕೆಲವರಿಗೆ ಅನ್ನಿಸುತ್ತದೆ. ಕಾಗದದಲ್ಲಿ ಆಟಗಾರನ ಕೈ ಕಾಣುತ್ತದೆ. ಎಲ್ಲಿ ಬರಹ ದೊಡ್ಡದಾಯಿತು, ಎಲ್ಲಿ ಹೊಡೆದುಹಾಕಿ ಮತ್ತೆ ಬರೆದರು, ಎಲ್ಲಿ ಎದುರಾಳಿಯ ನಡೆಯನ್ನು ಬರೆಯಲು ಮರೆತು ಒಂದು ಸಾಲು ಜಾರಿತು, ಇದೆಲ್ಲ ಅಲ್ಲಿರುತ್ತದೆ. ಫೈಲಿನಲ್ಲಿ ಪ್ರತಿ ನಡೆಯೂ ಒಂದೇ ಅಚ್ಚಿನಲ್ಲಿ, ಒಂದೇ ಗಾಂಭೀರ್ಯದಲ್ಲಿ ನಿಂತಿರುತ್ತದೆ.

ಈ ಪ್ರಕರಣದಲ್ಲಿ ಫೈಲ್ ಅದಕ್ಕಿಂತ ಮುಖ್ಯವಾದದ್ದನ್ನೂ ಅಳಿಸಿತ್ತು. 1981ರಿಂದ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ತನ್ನ ಟೂರ್ನಿಗಳಲ್ಲಿ, ಮನೆಗಳನ್ನು ಅಕ್ಷರ-ಅಂಕಿಯಿಂದ ಹೆಸರಿಸುವ ಆಲ್‌ಜಿಬ್ರೈಕ್ ಬರಹವನ್ನು ಮಾತ್ರ ಮಾನ್ಯ ಮಾಡುತ್ತದೆ. ಒಂದೇ ಜಾತಿಯ ಎರಡು ಕಾಯಿ ಒಂದೇ ಮನೆಗೆ ಹೋಗಬಹುದಾದರೆ, ಹೊರಟ ಕಾಯಿ ಯಾವ ಕಂಬಸಾಲಿನದು ಎಂಬ ಅಕ್ಷರವನ್ನು ಸೇರಿಸಬೇಕು. ಎರಡೂ ಒಂದೇ ಕಂಬಸಾಲಿನಲ್ಲಿದ್ದರೆ ಅಡ್ಡಸಾಲಿನ ಅಂಕಿ ಬೇಕು. ಕಾಗದದಲ್ಲಿ ಅದನ್ನು ಬಿಟ್ಟರೆ ಸಂಶಯ ಕಾಗದದಲ್ಲೇ ಉಳಿಯುತ್ತದೆ. ಆದರೆ ಇವರು ಕಂಪ್ಯೂಟರಿಗೆ ಏರಿಸುವಾಗ ಮೌಸ್‌ನಿಂದ ಎಫ್1ರ ಆನೆಯನ್ನು ಎಳೆದು ಡಿ1ರಲ್ಲಿ ಬಿಟ್ಟರು. ತಂತ್ರಾಂಶ ತನ್ನ ಪಾಡಿಗೆ ‘ಎಫ್’ ಎಂಬ ಅಕ್ಷರವನ್ನು ಸೇರಿಸಿ ನಡೆಯನ್ನು ಅಚ್ಚುಕಟ್ಟಾಗಿ ಬರೆದುಕೊಂಡಿತು. ಆಟಗಳನ್ನು ಉಳಿಸಲು ಎಲ್ಲರೂ ಬಳಸುವ ಪಿಜಿಎನ್ ರೂಪವನ್ನು ಸ್ಟೀವನ್ ಎಡ್ವರ್ಡ್ಸ್ 1993ರಲ್ಲಿ ರೂಪಿಸಿದಾಗಿನಿಂದ ಅದರ ನಿಯಮವೇ ಅದು, ಗೊಂದಲಕ್ಕೆ ಎಡೆಯಿರಬಾರದು. ಕಾಗದಕ್ಕೆ ಇಲ್ಲದ ಖಾತ್ರಿ ಫೈಲಿಗೆ ಬಂದದ್ದು ಹೀಗೆ. ಆಮೇಲೆ ನೋಡಿದವರಿಗೆಲ್ಲ ಅದು ನಡೆದ ಸಂಗತಿಯಾಗಿಯೇ ಕಂಡಿತು.

ಇಂಥ ತಪ್ಪುಗಳು ಸಾಮಾನ್ಯವಾಗಿ ಬೇಗ ಸಿಕ್ಕಿಬೀಳುತ್ತವೆ. ನಾಲ್ಕು ನಡೆ ಮುಂದೆ ಹೋದರೆ ಇಲ್ಲದ ಕಾಯಿ ಚಲಿಸಬೇಕಾಗುತ್ತದೆ, ಆಟ ಅಲ್ಲೇ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ. ಮುಂದಿನ ನಡೆಗಳು ಹೀಗಿದ್ದವು: ಕಪ್ಪು ರಾಣಿ ಸಿ7. 23ರಲ್ಲಿ ಬಿಳಿ ಆನೆ ಡಿ8ರ ಆನೆಯನ್ನು ಹೊಡೆಯಿತು, ಎಫ್8ರ ಕಪ್ಪು ಆನೆ ಅದನ್ನು ಹೊಡೆಯಿತು. 24ರಲ್ಲಿ ಮತ್ತೆ ಆನೆ ಡಿ1. ಅಂದರೆ 22ರಲ್ಲಿ ಒಂದು ಆನೆ ಬಂದು ಸತ್ತಿತು, 24ರಲ್ಲಿ ಇನ್ನೊಂದು ಅದೇ ಮನೆಗೆ ಬಂತು. ಮೊದಲು ಬಂದದ್ದು ಮೂಲೆಯ ಆನೆಯಾದರೂ ಸರಿ, ಎಫ್1ರ ಆನೆಯಾದರೂ ಸರಿ, 24ನೇ ನಡೆಯ ನಂತರ ಬೋರ್ಡು ಒಂದೇ. ಎರಡು ಬೇರೆ ದಾರಿಗಳು ಕವಲೊಡೆದು ಎರಡೇ ನಡೆಯಲ್ಲಿ ಮತ್ತೆ ಕೂಡಿಕೊಂಡಿದ್ದವು. ಆಟ ಎಲ್ಲೂ ತಡವರಿಸದೆ ಕೊನೆಯವರೆಗೆ ಓಡಿತು, ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ.

ಮೊದಲು ಮಾಡಿದ್ದು, ಫಲಿಸದ್ದು

ನನ್ನ ಮೊದಲ ಸಲಹೆ ತಪ್ಪಾಗಿತ್ತು. ಕಾಗದದ ಅಂಚಿನ ಸಮಯಗಳನ್ನು ನೋಡಿ ‘ನಿಧಾನವಾಗಿ ಆಡಿ’ ಎಂದೆ. 58ನೇ ನಡೆಗೆ ಅವರು ಹತ್ತು ಸೆಕೆಂಡ್ ಕೂಡ ತೆಗೆದುಕೊಂಡಿರಲಿಲ್ಲ, ಗಡಿಯಾರದಲ್ಲಿ ಏಳು ನಿಮಿಷ ಉಳಿದಿತ್ತು. ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಕ್ಕಾಗ ಮುಂದೆ ಹುಡುಕುವ ಮನಸ್ಸು ಬರುವುದಿಲ್ಲ. ಅವರು ನನ್ನ ಮಾತು ಕೇಳಿ ಮುಂದಿನ ಎರಡು ಅಭ್ಯಾಸದ ಆಟಗಳಲ್ಲಿ ಪ್ರತಿ ನಡೆಗೂ ಯೋಚಿಸಿದರು. 30ನೇ ನಡೆಯ ಹೊತ್ತಿಗೆ ಸಮಯವೇ ಮುಗಿದು ಕೈ ನಡುಗುವ ಸ್ಥಿತಿಗೆ ಬಂದರು. ಎಲ್ಲಿ ನಿಧಾನಿಸಬೇಕು ಎಂದು ಹೇಳದೆ ನಿಧಾನಿಸಿ ಎನ್ನುವುದು, ಎಲ್ಲಿ ಹಳ್ಳವಿದೆ ಎಂದು ಹೇಳದೆ ನೋಡಿಕೊಂಡು ನಡೆ ಎಂದ ಹಾಗೆ.

ಆಮೇಲೆ ಎಂಜಿನ್ ಮುಚ್ಚಿಟ್ಟು ಮರದ ಬೋರ್ಡ್ ತೆಗೆದೆವು. ನಾನು ಸ್ಕೋರ್‌ಶೀಟಿನ ಮೇಲೆ ದಪ್ಪ ಕಾಗದ ಮುಚ್ಚಿ ಒಂದೊಂದೇ ಸಾಲು ಕೆಳಗಿಳಿಸುತ್ತಿದ್ದೆ. ಎದುರಾಳಿಯ ನಡೆಯನ್ನು ಮಾತ್ರ ತೋರಿಸುವುದು, ಬಿಳಿಯವರು ತಮ್ಮ ನಡೆಯನ್ನು ತಾವೇ ಆಡುವುದು, ಆಗ ಏನು ಯೋಚಿಸಿದ್ದರೋ ಅದನ್ನು ಬಾಯಿಬಿಟ್ಟು ಹೇಳುವುದು. ಯೋಚನೆಯನ್ನು ಬಾಯಿಬಿಟ್ಟು ಹೇಳಿಸುವುದು ಹೊಸ ಉಪಾಯವೇನಲ್ಲ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಬಲ್ಲ ಆಟಗಾರರ ಮುಂದೆ ಸ್ಥಿತಿಗಳನ್ನಿಟ್ಟು, ಅವರಿಂದ ಯೋಚನೆಯನ್ನು ಗಟ್ಟಿಯಾಗಿ ಹೇಳಿಸಿ, 1946ರಲ್ಲೇ ಆ ಅಧ್ಯಯನವನ್ನು ಪ್ರಕಟಿಸಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟು ದೊಡ್ಡದಲ್ಲ. ಈ ಒಬ್ಬರ ತಲೆಯಲ್ಲಿ ಆ ದಿನ ಏನಿತ್ತು ಎನ್ನುವುದಷ್ಟೇ.

21 ನಡೆಗಳು ಸರಾಗವಾಗಿ ಸಾಗಿದವು. ಅವರ ನೆನಪು ಚೆನ್ನಾಗಿತ್ತು. ಅಲ್ಲಿಗೆ ಸ್ಥಿತಿ ಹೀಗಿತ್ತು. ಬಿಳಿಗೆ ರಾಜ ಜಿ1, ರಾಣಿ ಇ2, ಆನೆಗಳು ಎ1 ಮತ್ತು ಎಫ್1, ಕುದುರೆ ಎಫ್3, ಕಾಲಾಳುಗಳು ಎ2, ಬಿ2, ಇ4, ಎಫ್2, ಜಿ2, ಎಚ್3. ಕಪ್ಪಿಗೆ ರಾಜ ಜಿ8, ರಾಣಿ ಎ5, ಆನೆಗಳು ಡಿ8 ಮತ್ತು ಎಫ್8, ಒಂಟೆ ಇ7, ಕಾಲಾಳುಗಳು ಎ6, ಬಿ7, ಇ6, ಎಫ್7, ಜಿ7, ಎಚ್6. ಬಲ ಸರಿಸಮ. ಡಿ ಕಂಬಸಾಲು ತೆರೆದಿದೆ, ಅಲ್ಲಿಗೆ ಒಂದು ಆನೆ ತರಬೇಕೆನ್ನುವುದು ಯಾರಿಗಾದರೂ ಹೊಳೆಯುವಂಥದ್ದು.

ಅವರ ಕೈ ಎದ್ದು ಬೋರ್ಡಿನ ಎಡಮೂಲೆಗೆ ಹೋಯಿತು. ಬೆರಳುಗಳು ಎ1ರ ಆನೆಯ ತಲೆ ಮುಟ್ಟುವಷ್ಟು ಹತ್ತಿರ ಹೋಗಿ ಅರೆಕ್ಷಣ ಗಾಳಿಯಲ್ಲೇ ನಿಂತವು. ಆಮೇಲೆ ಬಲಕ್ಕೆ ಸರಿದು ಎಫ್1ರ ಆನೆಯನ್ನು ಎತ್ತಿದವು.

‘ಯಾಕೆ ನಿಲ್ಲಿಸಿದಿರಿ?’ ಎಂದು ಕೇಳಿದೆ.

‘ಏನೋ, ಕೈ ಆ ಕಡೆ ಹೋಯಿತು. ಆಡಿದ್ದು ಇದನ್ನೇ’ ಅಂದರು. ಅವರ ಮಾತಿನಲ್ಲಿ ಅನುಮಾನದ ಲವಲೇಶವೂ ಇರಲಿಲ್ಲ. ನಾನು ಮೇಲಿನ ಕಾಗದ ಸರಿಸಿ ಕಾರ್ಬನ್ ಪ್ರತಿ ನೋಡಿದೆ. ಆನೆ ಡಿ1. ಅಷ್ಟೇ.

ಎದುರಾಳಿಯ ಕಾಗದ

ಕಪ್ಪಿನವರನ್ನು ಕೇಳೋಣ ಎಂದಾಗ ಬಿಳಿಯವರು ಹಿಂಜರಿದರು. ಸೋತ ಆಟದ ಬಗ್ಗೆ ಗೆದ್ದವರನ್ನು, ಅದೂ ತನಗಿಂತ ಅಷ್ಟು ಚಿಕ್ಕವರನ್ನು, ಕೇಳುವುದು ಹೇಗೆ ಎಂಬ ಸಂಕೋಚ. ಕೊನೆಗೆ ಮೆಸೇಜ್ ಮಾಡಿದರು. ಹತ್ತು ನಿಮಿಷದಲ್ಲಿ ಆಕೆ ತನ್ನ ಸ್ಕೋರ್‌ಶೀಟಿನ ಫೋಟೊ ಕಳಿಸಿದಳು. 22ನೇ ಸಾಲಿನಲ್ಲಿ, ಆನೆ ಮತ್ತು ಡಿ1ರ ನಡುವೆ, ಪುಟ್ಟ ಅಚ್ಚುಕಟ್ಟಾದ ಒಂದು ‘ಎ’ ಇತ್ತು.

ಜೊತೆಗೆ ಒಂದು ಧ್ವನಿ ಸಂದೇಶವೂ ಇತ್ತು. ಅದರ ಸಾರಾಂಶ ಇದು: ‘ಸರ್, ಮೂಲೆಯ ಆನೆಯೇ ಬಂದದ್ದು. ನನಗೆ ಚೆನ್ನಾಗಿ ನೆನಪಿದೆ. ನೀವು ಆಡಿದ ಕೂಡಲೇ ನನಗೆ ಡಿ8ರ ಆನೆಯ ಭಯ ಬಂತು, ರಾಣಿಯನ್ನು ಸಿ7ಕ್ಕೆ ತಂದೆ. ತಂದಮೇಲೆ ನೋಡುತ್ತೇನೆ, ಎ2ರ ಕಾಲಾಳು ಪುಕ್ಕಟೆ ನಿಂತಿತ್ತು! ಹೊಡೆಯಬಹುದಿತ್ತಲ್ಲ ಅಂತ ಆಟ ಪೂರ್ತಿ ಅದೇ ತಲೆಯಲ್ಲಿತ್ತು. ಆನೆಗಳು ಹೋದಮೇಲೆ ಮತ್ತೆ ಅದನ್ನೇ ಹುಡುಕಿಕೊಂಡು ಬಂದೆ.’

ನಾವಿಬ್ಬರೂ ಅದನ್ನು ಎರಡು ಸಲ ಕೇಳಿದೆವು. ಬಿಳಿಯವರು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಆಮೇಲೆ ಎಫ್1ರ ಆನೆಯನ್ನು ಅದರ ಮನೆಗೆ ಹಿಂದಿರುಗಿಸಿ, ಎ1ರ ಆನೆಯನ್ನು ತಾವೇ ಡಿ1ಕ್ಕೆ ಇಟ್ಟರು.

ಮೂಲೆಯ ಆನೆ ಹೊರಟ ಕೂಡಲೇ ಎ2ಕ್ಕೆ ಕಾವಲಿಲ್ಲ. ಎರಡನೇ ಅಡ್ಡಸಾಲಿನಲ್ಲಿ ಬಿಳಿ ರಾಣಿಯಿದ್ದರೂ ಬಿ2ರ ಕಾಲಾಳು ಅದರ ದೃಷ್ಟಿಗೆ ಅಡ್ಡ. ಕಪ್ಪು ರಾಣಿ ಎ5ರಿಂದ ನೇರ ಇಳಿದು ಹೊಡೆಯಬಹುದಿತ್ತು. ಸಿಕ್ಕಿಬೀಳುತ್ತದೆಯೇ ಎಂದು ಎಲ್ಲ ಕಡೆಯಿಂದ ನೋಡಿದೆವು. ಆನೆ ಎ1ಕ್ಕೆ ಮರಳಿ ರಾಣಿಯನ್ನು ಅಟ್ಟಿದರೆ ಬಿ3ಕ್ಕೆ ಜಾರುತ್ತದೆ. ಅಲ್ಲಿಗೂ ಕುದುರೆ ಡಿ4ರಿಂದ ಬಂದು ಕಾಡಿದರೆ ಬಿ6ಕ್ಕೆ. ಬಿ2ರ ಕಾಲಾಳನ್ನು ಬಿ3ಕ್ಕೆ ಸರಿಸಿ ದಾರಿ ಮುಚ್ಚೋಣ ಎಂದರೆ ಎರಡನೇ ಅಡ್ಡಸಾಲೇ ತೆರೆದುಕೊಂಡು, ಕಾವಲಿಲ್ಲದ ಬಿಳಿ ರಾಣಿಯನ್ನೇ ಕಪ್ಪು ರಾಣಿ ಹೊಡೆಯುತ್ತದೆ. ಅದು ನಿಜಕ್ಕೂ ಪುಕ್ಕಟೆ ಕಾಲಾಳು. ಎಫ್1ರ ಆನೆಯೇ ಬಂದಿದ್ದರೆ ಎ2 ಹೊಡೆದ ರಾಣಿಯನ್ನು ಮೂಲೆಯ ಆನೆ ನುಂಗುತ್ತಿತ್ತು.

ತಿದ್ದಿದ ಆಟವನ್ನು ಎಂಜಿನ್‌ಗೆ ಕೊಟ್ಟೆವು. ಸಪಾಟಾಗಿದ್ದ ಗೆರೆಯಲ್ಲಿ 22ರ ಜಾಗದಲ್ಲಿ ಒಂದು ಹಲ್ಲು ಮೂಡಿತು. ಬಿಳಿ ನಡೆಗೆ ಕೆಳಕ್ಕೆ, ಕಪ್ಪು ನಡೆಗೆ ಮೇಲಕ್ಕೆ, ಮತ್ತೆ ಸಮ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕಾಲಾಳನ್ನು ಮರೆತಿದ್ದರು. ಮೊದಲ ಫೈಲಿನಲ್ಲಿ ಆ ಜಾಗ ನೀರವವಾಗಿತ್ತು, ಏಕೆಂದರೆ ಆ ಫೈಲಿನ ಆಟದಲ್ಲಿ ಎ2ಕ್ಕೆ ಕಾವಲಿತ್ತು. ಎಂಜಿನ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟದ್ದು ಬೇರೆ ಆಟ.

ತಿರುವು

ಈಗ 24ರ ಮುಂದಿನ ನಡೆಗಳಿಗೂ ಅರ್ಥ ಬಂತು. ಆನೆಗಳ ವಿನಿಮಯ ಮುಗಿದು ಬಿಳಿ ರಾಣಿ ಡಿ1ರಲ್ಲಿ ಹೊಡೆದು ನಿಂತಿತು. ಕೂಡಲೇ ಕಪ್ಪು ರಾಣಿ ಸಿ7ರಿಂದ ಸಿ4ಕ್ಕೆ ಇಳಿಯಿತು. ಅಲ್ಲಿಂದ ಒಂದು ಕಣ್ಣು ಇ4ರ ಮೇಲೆ, ಇನ್ನೊಂದು ಎ2ರ ಮೇಲೆ. ಇದನ್ನು ಮೊದಲು ನೋಡಿದಾಗ ಎದುರಾಳಿಯ ಚಾಕಚಕ್ಯತೆ ಎಂದುಕೊಂಡಿದ್ದೆವು. ಅದು ಮೂರು ನಡೆ ಹಿಂದೆ ಕೈತಪ್ಪಿದ ಕಾಲಾಳಿನ ಬೆನ್ನುಹತ್ತಿ ಬಂದದ್ದು. ಬಿಳಿಯವರು 26ರಲ್ಲಿ ಕುದುರೆಯನ್ನು ಡಿ2ಕ್ಕೆ ತಂದು ಇ4 ಉಳಿಸಿಕೊಂಡರು, ಎ2 ಹೋಯಿತು. ರಾಣಿಯನ್ನು ಡಿ7ಕ್ಕೆ ನುಗ್ಗಿಸಿ ಒಂಟೆ ಮತ್ತು ಬಿ7ರ ಮೇಲೆ ಒಟ್ಟಿಗೆ ಬಿದ್ದಿದ್ದರೆ ಕಳೆದುಕೊಂಡದ್ದನ್ನು ವಸೂಲು ಮಾಡಬಹುದಿತ್ತು. ಎಂಜಿನ್ ಹಾಕಿದ್ದ ಹಳದಿ ಗುರುತು ಅದೇ. ಆ ಒಂದು ಕಾಲಾಳಿನ ಕೊರತೆಯನ್ನು ಹೊತ್ತುಕೊಂಡೇ ಅವರು ಮುಂದಿನ 30 ನಡೆಗಳನ್ನು ಕಾದಾಡಿದರು.

ನನಗೆ ಇಲ್ಲಿ ಮುಖ್ಯವೆನ್ನಿಸಿದ್ದು ಕಾಲಾಳಿನ ಲೆಕ್ಕವಲ್ಲ. ‘ಮೂಲೆಯ ಆನೆಯನ್ನು ಯಾಕೆ ಎತ್ತಿದಿರಿ?’ ಎಂದು ಮತ್ತೆ ಕೇಳಿದೆ. ಈ ಸಲ ಅವರು ನಿಧಾನವಾಗಿ ಹೇಳಿದರು:

‘ಎಫ್1ರ ಆನೆ ಎಫ್2 ಕಾಯುತ್ತಿದೆ, ರಾಜನ ಪಕ್ಕದಲ್ಲಿದೆ, ಅದಕ್ಕೆ ಕೆಲಸವಿದೆ. ಮೂಲೆಯದು ಆಟ ಶುರುವಾದಾಗಿನಿಂದ ಸುಮ್ಮನೆ ಕೂತಿದೆ. ಸುಮ್ಮನೆ ಕೂತದ್ದನ್ನು ಕೆಲಸಕ್ಕೆ ಹಚ್ಚೋಣ ಅಂದುಕೊಂಡೆ.’

ನಾನು ಪುಟ ತಿರುಗಿಸಿ 58ಕ್ಕೆ ಹೋದೆ. ‘ಇಲ್ಲಿ ರಾಜನನ್ನು ಡಿ1ಕ್ಕೆ ಯಾಕೆ ತಂದಿರಿ?’

‘ಇ1ಕ್ಕೆ ಹೋದರೆ ಸುಮ್ಮನೆ ಹಿಂದೆ ಸರಿದ ಹಾಗೆ ಅನ್ನಿಸಿತು. ಪಕ್ಕಕ್ಕೆ ಹೋದರೆ ಏನೋ ಮಾಡಿದ ಹಾಗೆ...’ ಎಂದವರು ಅರ್ಧಕ್ಕೇ ನಿಲ್ಲಿಸಿದರು. ತಾವು ‘ಸುಮ್ಮನೆ’ ಎಂಬ ಮಾತನ್ನು ಎರಡು ಕಡೆಯೂ ಬಳಸಿದ್ದು ಅವರಿಗೇ ಕೇಳಿಸಿತ್ತು.

ಎರಡೂ ಕಡೆ ಒಂದೇ ತಪ್ಪು. ನಿಂತಲ್ಲೇ ನಿಂತು ಕಾಯುವ ಕಾಯಿ ಅವರ ಕಣ್ಣಿಗೆ ಕೆಲಸವಿಲ್ಲದ ಕಾಯಿ. ಮೂಲೆಯ ಆನೆ 21 ನಡೆಗಳ ಕಾಲ ಎ2 ಕಾಯುತ್ತಿತ್ತು, ಅದು ಕೆಲಸದ ಹಾಗೆ ಕಾಣಲಿಲ್ಲ. ಇ1ರಲ್ಲಿ ನಿಂತ ರಾಜ ಎರಡು ಬಾಗಿಲು ಕಾಯುತ್ತಾನೆ, ಅದೂ ಕಾಣಲಿಲ್ಲ. ಇದಕ್ಕೆ ಎಂಡ್‌ಗೇಮ್ ಓದಿದರೆ ಇ1ರ ಉತ್ತರವೊಂದು ಬಾಯಿಪಾಠವಾಗುತ್ತದೆ, ಮೂಲೆಯ ಆನೆ ಮತ್ತೆ ಎದ್ದು ಹೊರಡುತ್ತದೆ. ಮುಂದಿನ ಟೂರ್ನಿಯಲ್ಲಿ ಸೋತ ಎರಡು ಆಟಗಳನ್ನೂ ಅಂದೇ ತೆಗೆದೆವು. ಒಂದರಲ್ಲಿ ಕುದುರೆಯೊಂದು ದಾಳಿಗೆ ಹೊರಟಾಗ ಅದು ಮುಚ್ಚಿಕೊಂಡಿದ್ದ ಕರ್ಣರೇಖೆ ತೆರೆದುಕೊಂಡಿತ್ತು. ಇನ್ನೊಂದು ಸರಳ ಲೆಕ್ಕದ ತಪ್ಪು, ಈ ಜಾತಿಯದಲ್ಲ. ಎಲ್ಲ ಸೋಲನ್ನೂ ಒಂದೇ ದಾರಕ್ಕೆ ಪೋಣಿಸುವ ಆಸೆ ಇಂಥ ಹೊತ್ತಿನಲ್ಲಿ ಬಲವಾಗಿರುತ್ತದೆ. ಅದಕ್ಕೆ ಮಣಿಯಬಾರದು.

ನೆನಪು ಏಕೆ ಮೋಸ ಮಾಡಿತು ಎನ್ನುವುದನ್ನೂ ಹೇಳಬೇಕು. ಅವರು ಸುಳ್ಳು ಹೇಳಿರಲಿಲ್ಲ. ಆ ರಾತ್ರಿ ದಣಿವಿನಲ್ಲಿ ಮೌಸ್ ಹಿಡಿದು, ಆನೆ ಡಿ1 ಎಂಬುದನ್ನು ನೋಡಿ, ಸಹಜವಾಗಿ ಕಂಡದ್ದನ್ನು ಎಳೆದರು. ಆಮೇಲೆ ಎರಡು ತಿಂಗಳಲ್ಲಿ ಆ ಫೈಲನ್ನು ಎಷ್ಟೋ ಸಲ ಓಡಿಸಿ ನೋಡಿದರು. ಆಡಿದ್ದು ಒಂದು ಸಲ, ನೋಡಿದ್ದು ಹತ್ತಾರು ಸಲ. ಕಣ್ಣು ಫೈಲನ್ನು ನಂಬಿತು. ಬೆರಳುಗಳಲ್ಲಿ ಮಾತ್ರ ಆ ದಿನದ ಚಲನೆ ಉಳಿದಿತ್ತು, ಮರದ ಬೋರ್ಡ್ ಮುಂದೆ ಕೂತಾಗ ಅದು ಅರೆಕ್ಷಣ ಹೊರಬಂತು. ಪರದೆಯ ಮೇಲೆ ನೋಡಿದ್ದರೆ ನಮಗೆ ಅದು ಸಿಗುತ್ತಿರಲಿಲ್ಲ.

ಆಮೇಲೆ ಮಾಡಿದ್ದು

‘ನಿಧಾನಿಸಿ’ ಎಂಬುದರ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡೆವು. ಕಾಯಿ ಎತ್ತುವ ಮುಂಚೆ: ಇದು ಎದ್ದರೆ ಯಾವ ಮನೆಗೆ ಕಾವಲು ತಪ್ಪುತ್ತದೆ? ಹೋಗುವ ಮನೆಯ ಬಗ್ಗೆ ಅವರು ಮೊದಲಿನಿಂದಲೂ ಚೆನ್ನಾಗಿಯೇ ಯೋಚಿಸುತ್ತಿದ್ದರು. ಬಿಟ್ಟು ಬರುವ ಮನೆಯ ಕಡೆ ತಿರುಗಿ ನೋಡುವ ಅಭ್ಯಾಸ ಇರಲಿಲ್ಲ. ಇದನ್ನು ಆಟದ ಮಧ್ಯೆ ಒಮ್ಮೆಲೇ ತರಲಾಗದು. ಹಾಗಾಗಿ ಹಳೆಯ ಸ್ಕೋರ್‌ಶೀಟುಗಳನ್ನು ತೆಗೆದು, ತಮ್ಮ ಪ್ರತಿ ನಡೆಯ ಮುಂಚೆಯೂ ಹೊರಡುವ ಕಾಯಿ ಏನೇನು ಕಾಯುತ್ತಿತ್ತು ಎಂದು ಗಟ್ಟಿಯಾಗಿ ಹೇಳಬೇಕೆಂದು ಗೊತ್ತುಮಾಡಿದೆವು. ಇದು ಬೇಸರದ ಕೆಲಸ. ಮೊದಲ ಆಟಕ್ಕೆ ಎರಡು ಸಂಜೆ ಹಿಡಿಯಿತು. ಎಂಜಿನ್ ಅನ್ನು ಕೊನೆಗೆ, ನಾವು ಬರೆದುಕೊಂಡದ್ದರ ಜೊತೆ ತಾಳೆ ನೋಡಲು ಮಾತ್ರ ತೆರೆಯುತ್ತಿದ್ದೆವು. ಮಿಖಾಯಿಲ್ ಬೋಟ್ವಿನ್ನಿಕ್ ತನ್ನ ಆಟಗಳನ್ನು ತಾನೇ ವಿಶ್ಲೇಷಿಸಿ ಪ್ರಕಟಿಸಬೇಕು, ಬೇರೆಯವರು ತಪ್ಪು ತೋರಿಸುವಂತಾಗಬೇಕು ಎಂದು ಒತ್ತಿ ಹೇಳುತ್ತಿದ್ದವರು. 1948ರಲ್ಲಿ ವಿಶ್ವ ಚಾಂಪಿಯನ್ ಆದ ಅವರ ಕೈಕೆಳಗೆ ಆಮೇಲೆ, ಮುಂದೆ ತಾವೂ ವಿಶ್ವ ಚಾಂಪಿಯನ್ ಆದ ಕಾರ್ಪೊವ್, ಕಾಸ್ಪರೊವ್, ಕ್ರಾಮ್ನಿಕ್ ಮೂವರೂ ಕಲಿತರು. ನಮ್ಮ ಮಟ್ಟದಲ್ಲಿ ಆ ‘ಬೇರೆಯವರು’ ಎಂದರೆ ಆಟವನ್ನು ಎದುರು ಬದಿಯಿಂದ ಕಂಡ ಎದುರಾಳಿ. ಆಕೆಯ ಒಂದು ‘ಎ’ ಇಲ್ಲದಿದ್ದರೆ ನಾನು ಇನ್ನೂ ಗಡಿಯಾರದ ಅಂಕಿಗಳನ್ನೇ ನೋಡುತ್ತಿದ್ದೆ.

ಫಲ ಏನಾಯಿತು ಎಂದರೆ, ರೇಟಿಂಗ್ ಜಿಗಿಯಲಿಲ್ಲ. ಮುಂದಿನ ಟೂರ್ನಿಯ ಒಂದು ಸುತ್ತಿನಲ್ಲಿ ಅವರು ಕಾವಲಿನ ಯೋಚನೆಯಲ್ಲೇ ಮುಳುಗಿ, ಗೆಲ್ಲಬಹುದಾದ ದಾಳಿಯೊಂದನ್ನು ಬಿಟ್ಟು ಡ್ರಾ ಒಪ್ಪಿಕೊಂಡರು. ಅದರ ಸ್ಕೋರ್‌ಶೀಟ್ ನೋಡಿದಾಗ ನನಗೆ ಬೇಸರವಾಯಿತು, ಆದರೆ ಹೊಸ ಅಭ್ಯಾಸ ಕೂರುವಾಗ ಒಂದಷ್ಟು ಕಾಲ ಹೀಗಾಗುತ್ತದೆ. ಪುಕ್ಕಟೆ ಕಾಯಿ ಬಿಟ್ಟುಕೊಡುವುದು ಮಾತ್ರ ಕಣ್ಣಿಗೆ ಕಾಣುವಂತೆ ಕಡಿಮೆಯಾಯಿತು. ಎದುರಾಳಿಯ ಕಾಗದವನ್ನು ಕೇಳಿ ಪಡೆಯುವುದು ಈಗ ಅವರಿಗೆ ರೂಢಿ. ಆಟ ಮುಗಿದ ಕೂಡಲೇ, ಬೋರ್ಡ್ ತೆಗೆಯುವ ಮುಂಚೆ, ಎರಡೂ ಶೀಟುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಕೆಲವು ತಿಂಗಳ ನಂತರ ಕಪ್ಪಿನವರೇ ಮೆಸೇಜ್ ಮಾಡಿದರು. ಆ 22ನೇ ನಡೆ ತನ್ನನ್ನೂ ಬಿಟ್ಟಿಲ್ಲ, ಒಮ್ಮೆ ಕೂತು ನೋಡೋಣವೇ ಎಂದು ಕೇಳಿದ್ದರು. ಒಂದು ಭಾನುವಾರ ಮೂವರೂ ಸೇರಿದೆವು. ಆಕೆ ಮೊದಲು ಎ2 ಹೊಡೆದು, ಅಲ್ಲಿಂದ ಆಟ ಎಲ್ಲಿಗೆ ಹೋಗುತ್ತಿತ್ತೆಂದು ತೋರಿಸಿದಳು. ಬಿಳಿಯವರು ಬಹಳ ಹೊತ್ತು ದಾರಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಕಾಯಿಗಳನ್ನು ಮತ್ತೆ 21ರ ಸ್ಥಿತಿಗೆ ಜೋಡಿಸಿದರು.

‘ಇನ್ನೊಂದು ಆಟ ಉಳಿದಿದೆಯಲ್ಲ, ನಾನು ಎರಡು ತಿಂಗಳು ಓದಿದ್ದು. ಅದನ್ನು ಆಡೋಣವಾ?’ ಅಂದರು.

ಗಡಿಯಾರ ಇಟ್ಟೆವು. ಈ ಸಲ ಅವರ ಕೈ ಮೂಲೆಯ ಕಡೆ ಹೋಗಲಿಲ್ಲ. ಎಫ್1ರ ಆನೆ ಡಿ1ಕ್ಕೆ ಬಂತು. ಆಕೆ ಎ2 ನೋಡಿದಳು, ಎ1ರಲ್ಲಿ ಕೂತ ಆನೆಯನ್ನು ನೋಡಿದಳು, ಸ್ವಲ್ಪ ಯೋಚಿಸಿ ರಾಣಿಯನ್ನು ಸಿ7ಕ್ಕೆ ತಂದಳು. 23ರಲ್ಲಿ ಅವರು ಡಿ8 ಹೊಡೆಯಲಿಲ್ಲ. ಮೂಲೆಯ ಆನೆಯನ್ನು ಮುಟ್ಟದೆ ಎ ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದರು. ಆಟ 47 ನಡೆಗೆ ಡ್ರಾ ಆಯಿತು. ಇಬ್ಬರೂ ಮೊದಲಿನಿಂದ ಕೊನೆಯವರೆಗೆ ಬರೆದುಕೊಂಡಿದ್ದರು. ಎರಡೂ ಕಾಗದದ 22ನೇ ಸಾಲಿನಲ್ಲಿ, ಆನೆ ಮತ್ತು ಡಿ1ರ ನಡುವೆ, ‘ಎಫ್’ ಇತ್ತು.